ತೆರೆ ಬರುವುದು ದಡಕ್ಕೆ, ಉಸುಕು ಹೋಗುವುದು ಎಲ್ಲಿಗೆ?

ನಮ್ಮ ಕೊಪ್ಪಳಕ್ಕೆ ಸಮುದ್ರ ದೂರ. ಗೋಕರ್ಣಕ್ಕೆ ಹೋಗಿ ಬಂದವರೆಲ್ಲ ಹೇಳುವುದು ಒಂದೇ: ತೆರೆ ಉಸುಕನ್ನು ದಡಕ್ಕೆ ತಂದು ಹಾಕುತ್ತದೆ. ಮಳೆಗಾಲದಲ್ಲಿ ಉಳ್ಳಾಲದ ದಡ ಕೊಚ್ಚಿಹೋದ ಸುದ್ದಿ ಬಂತೆಂದರೆ ಅದೇ ಜನ ಸಮುದ್ರಕ್ಕೆ ಸಿಟ್ಟು ಬಂದಿದೆ ಅಂತಾರೆ. ಎರಡೂ ತಪ್ಪು ಲೆಕ್ಕ. ಎಷ್ಟೋ ಸಲ ತೆರೆ ದಡದ ಕಡೆ ಓಡುತ್ತಿರುವಾಗಲೇ ಅದರ ಕೆಳಗಿನ ಉಸುಕು ಒಳಗೆ, ಸಮುದ್ರಕ್ಕೇ ಹೋಗುತ್ತಿರುತ್ತದೆ.

ತಳದ ಹತ್ತಿರ ನೀರು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುತ್ತದೆ. ದಡ ಹತ್ತಿರವಾದಂತೆ ತೂಗಾಟ ಸಮ ಇರುವುದಿಲ್ಲ. ದಡದ ಕಡೆಗಿನ ತಳ್ಳು ಜೋರು, ಆದರೆ ಬೇಗ ಮುಗಿಯುತ್ತದೆ. ವಾಪಸ್ ಎಳೆತ ಮೆತ್ತಗೆ, ಆದರೆ ಜಾಸ್ತಿ ಹೊತ್ತು. ದಪ್ಪ ಉಸುಕು ಜೋರು ತಳ್ಳಿಗೆ ಮಾತ್ರ ಕದಲುತ್ತದೆ, ಹಾಗಾಗಿ ದಡಕ್ಕೆ ಸರಿಯುತ್ತದೆ. ಮೊರದಲ್ಲಿ ಜೋಳ ಕೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಸಣ್ಣ ಉಸುಕಿನದು ಬೇರೆ ಕಥೆ. ಆನೆಗೊಂದಿಯಲ್ಲಿ ತುಂಗಭದ್ರೆಯ ಅಂಚಿನ ಉಸುಕಿನ ಮೇಲೆ ಸಾಲು ಸಾಲು ಪುಟ್ಟ ದಿಣ್ಣೆಗಳನ್ನು ನೋಡಿರುತ್ತೀರಿ. ಹೊಳೆ ಒಂದೇ ಕಡೆ ಹರಿಯುವುದರಿಂದ ಅವುಗಳ ಒಂದು ಮಗ್ಗುಲು ಕಡಿದಾಗಿರುತ್ತದೆ. ಸಮುದ್ರದ ತಳದಲ್ಲಿ ಎರಡೂ ಮಗ್ಗುಲು ಹೆಚ್ಚುಕಡಿಮೆ ಒಂದೇ ಥರ. ನೀರು ದಡದ ಕಡೆ ನುಗ್ಗಿದಾಗ ದಿಣ್ಣೆಯ ಆಚೆ ಮಗ್ಗುಲಲ್ಲಿ ಒಂದು ಸುಳಿ ಹುಟ್ಟಿ ಉಸುಕನ್ನು ಬಾಚಿಕೊಳ್ಳುತ್ತದೆ. ಅದು ಮೇಲೇಳುವ ಹೊತ್ತಿಗೆ ನೀರು ತಿರುಗಿಬಿಟ್ಟಿರುತ್ತದೆ! ಹೊಸಪೇಟೆಗೆ ಹೊರಟವನು ಓಡೋಡಿ ಬಂದು ಕೊಪ್ಪಳಕ್ಕೆ ವಾಪಸಾಗುವ ಬಸ್ ಹತ್ತಿದ ಹಾಗೆ. ತಳ್ಳು ಜೋರಾದಷ್ಟೂ ತಪ್ಪು ಬಸ್ ಹತ್ತುವವರು ಜಾಸ್ತಿ. ಲೆಕ್ಕ ನೋಡಿ: 0.2 ಮಿಲಿಮೀಟರ್ ಕಣ ನೀರಿನಲ್ಲಿ ಸೆಕೆಂಡಿಗೆ ಸುಮಾರು 2 ಸೆಂಟಿಮೀಟರ್ ಇಳಿಯುತ್ತದೆ. 8 ಸೆಂಟಿಮೀಟರ್ ಎದ್ದರೆ ತಳ ಮುಟ್ಟಲು 4 ಸೆಕೆಂಡು ಬೇಕು. 8 ಸೆಕೆಂಡಿಗೊಮ್ಮೆ ಬರುವ ತೆರೆಯಲ್ಲಿ ಅರ್ಧ ತೂಗಾಟವೇ ಮುಗಿದುಹೋಯಿತು.

ಈ ಸುಳಿಗಳ ಬೆನ್ನು ಹತ್ತಿದವರು ಇಂಗ್ಲೆಂಡಿನ ವಿಜ್ಞಾನಿ ಹರ್ಥಾ ಏರ್ಟನ್. ಗಾಜಿನ ತೊಟ್ಟಿಯಲ್ಲಿ ಉಸುಕು, ನೀರು ಹಾಕಿ ತೂಗಿ ನೋಡಿದರು. 1902ರಲ್ಲಿ ಅವರ ಹೆಸರು ವಿಜ್ಞಾನಿಗಳ ಸಂಘವಾದ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಹೋದಾಗ, ಮದುವೆಯಾದ ಹೆಣ್ಣುಮಗಳನ್ನು ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ ಅಂದರು. 1904ರಲ್ಲಿ ಅದೇ ಸೊಸೈಟಿಯ ಮುಂದೆ ಉಸುಕಿನ ದಿಣ್ಣೆಗಳ ಪ್ರಬಂಧವನ್ನು ತಾವೇ ನಿಂತು ಓದಿದರು. ಅಲ್ಲಿ ಹಾಗೆ ಓದಿದ ಮೊದಲ ಹೆಂಗಸು ಅವರೇ. 1906ರಲ್ಲಿ ಅದೇ ಸೊಸೈಟಿಯ ಹ್ಯೂಸ್ ಪದಕವೂ ಬಂತು. ಇದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ ಉಸುಕು ಎತ್ತ ಸಾಗುತ್ತದೆಂದು ಹೇಳುವ ಕಂಪ್ಯೂಟರ್ ಲೆಕ್ಕಕ್ಕೆ, ಅಂದರೆ ಮಾದರಿಗೆ, ಬರೋಣ. ಒಂದೊಂದು ಕಣವನ್ನೂ ಎಣಿಸಲು ಆಗದು. ಅದಕ್ಕೆ ನೀರಿನ ವೇಗ ಇಷ್ಟಿದ್ದರೆ ಅದೇ ಕ್ಷಣದಲ್ಲಿ ಉಸುಕು ಇಷ್ಟು ಸಾಗುತ್ತದೆ ಎಂಬ ಸುಲಭ ಸೂತ್ರ ಹಾಕುತ್ತಿದ್ದರು. ಎದ್ದ ಉಸುಕು ತಡವಾಗಿ ಸಾಗುವುದು ಆ ಸೂತ್ರಕ್ಕೆ ಗೊತ್ತೇ ಇಲ್ಲ, ಸಣ್ಣ ಉಸುಕನ್ನೂ ಸುಮ್ನೆ ದಡಕ್ಕೆ ಕಳಿಸಿಬಿಡುತ್ತದೆ. ಆಮೇಲಿನ ಮಾದರಿಗಳು ಕಿರಾಣಿ ಅಂಗಡಿಯ ಉದ್ರಿ ಖಾತೆಯಂತೆ ಲೆಕ್ಕ ಇಡುತ್ತವೆ: ಈ ತಳ್ಳಿನಲ್ಲಿ ಎದ್ದದ್ದು ಎಷ್ಟು, ಬಾಕಿ ಉಳಿದು ಮುಂದಿನ ಎಳೆತಕ್ಕೆ ಸಿಕ್ಕಿದ್ದು ಎಷ್ಟು.

ಮಳೆಗಾಲದ ದೊಡ್ಡ ತೆರೆಗಳಿಗೆ ದಿಣ್ಣೆಗಳೇ ಅಳಿಸಿಹೋಗುತ್ತವೆ. ಮೇಲ್ಪದರದ ಉಸುಕು ಇಡೀ ಕಂಬಳಿ ಎಳೆದಂತೆ ಸರಿಯುತ್ತದೆ. ಮುರಿದ ತೆರೆಗಳು ದಡದಲ್ಲಿ ಪೇರಿಸಿದ ನೀರು ತಳದಿಂದ ವಾಪಸ್ ಹರಿಯುತ್ತಾ ಉಸುಕನ್ನೂ ಒಳಗೆ ಒಯ್ಯುತ್ತದೆ. ಆಗ ಹಳೇ ಖಾತೆ ನಡೆಯುವುದಿಲ್ಲ, ಮಾದರಿಯಲ್ಲಿ ಬೇರೆ ಲೆಕ್ಕವನ್ನೇ ತೆರೆಯಬೇಕಾಗುತ್ತದೆ.