ಗಾಳಿ ಅತ್ತ, ಅಲೆ ಇತ್ತ

ಹವಾಯಿಯ ಹೊನೊಲುಲು ನಗರದ ವೈಕೀಕಿ ಕಡಲತೀರದಲ್ಲಿ ವರ್ಷದ ಬಹುಪಾಲು ದಿನ ಗಾಳಿ ಬೀಸುವುದು ಈಶಾನ್ಯದಿಂದ. ತೀರ ಮುಖ ಮಾಡಿರುವುದು ನೈಋತ್ಯಕ್ಕೆ. ಅಂದರೆ ಗಾಳಿ ನೆಲದ ಕಡೆಯಿಂದ ಬಂದು ಕಡಲಿಗೆ ಹೋಗುತ್ತದೆ. ಹೋಟೆಲಿನ ಬಾಲ್ಕನಿಯಲ್ಲಿ ಒಣಹಾಕಿದ ಟವೆಲ್ ಹಾರಿದರೆ ನೀರಿನ ಕಡೆಗೇ ಹಾರಬೇಕು. ಅಲೆಗಳು ಮಾತ್ರ ಎದುರಿನಿಂದ, ಗಾಳಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ದಡಕ್ಕೆ ಬರುತ್ತಿರುತ್ತವೆ. ಅಲೆ ಎಬ್ಬಿಸುವುದು ಗಾಳಿ ಅಂತ ಶಾಲೆಯಲ್ಲಿ ಓದಿದ್ದು ಸುಳ್ಳಾ?

ಸುಳ್ಳಲ್ಲ. ಆದರೆ ಈ ಅಲೆ ಎಬ್ಬಿಸಿದ್ದು ಇಲ್ಲಿನ ಗಾಳಿಯಲ್ಲ.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ ಚಂದ್ರನನ್ನು ಎಳೆದು ತರುತ್ತಾರೆ. ಹುಣ್ಣಿಮೆ ಇರಬೇಕು, ಅದಕ್ಕೇ ಅಲೆ ಜೋರು ಅನ್ನುತ್ತಾರೆ. ಚಂದ್ರನಿಂದ ಆಗುವುದು ಉಬ್ಬರ ಮತ್ತು ಇಳಿತ. ಹೊನೊಲುಲುವಿನಲ್ಲಿ ಅದರ ಏರಿಳಿತ ಅರ್ಧ ಮೀಟರಿನ ಆಚೀಚೆ, ಅದೂ ಗಂಟೆಗಟ್ಟಲೆ ನಿಧಾನವಾಗಿ ಆಗುವಂಥದ್ದು. ಹದಿನೈದು ಸೆಕೆಂಡಿಗೊಮ್ಮೆ ಬಂದು ಬೀಳುವ ಅಲೆ ಹುಟ್ಟುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು ಕೆಲವರಿಗೆ ಜ್ವಾಲಾಮುಖಿಯ ಮೇಲೆ ಅನುಮಾನ. ದ್ವೀಪವೇ ಜ್ವಾಲಾಮುಖಿ ಅಲ್ವಾ, ಅಡಿಯಿಂದ ಏನೋ ತಳ್ಳುತ್ತಿರಬೇಕು ಅಂತ. ವೈಕೀಕಿಯ ಫೋಟೊಗಳಲ್ಲೆಲ್ಲ ಹಿಂದೆ ಕಾಣುವ ಡೈಮಂಡ್ ಹೆಡ್ ಗುಡ್ಡ ನಿಜಕ್ಕೂ ಜ್ವಾಲಾಮುಖಿಯ ಬಾಯಿಯೇ. ಆದರೆ ಅದು ಸಿಡಿದದ್ದು ಕೆಲವು ಲಕ್ಷ ವರ್ಷಗಳ ಹಿಂದೆ. ಈಗಲೂ ಆಗಾಗ ಲಾವಾ ಉಗುಳುವ ಕಿಲಾವೆಯ ಎಂಬ ಜ್ವಾಲಾಮುಖಿ ಇರುವುದು ಬೇರೆ ದ್ವೀಪದಲ್ಲಿ. ವೈಕೀಕಿ ಇರುವ ಒವಾಹು ದ್ವೀಪದಲ್ಲಲ್ಲ.

ಹಾಗಾದರೆ ಅಲೆ ಎಲ್ಲಿಯದು? ಜೂನ್, ಜುಲೈ, ಆಗಸ್ಟ್ ಅಂದರೆ ದಕ್ಷಿಣ ಗೋಳಾರ್ಧದಲ್ಲಿ ಚಳಿಗಾಲ. ನ್ಯೂಜಿಲೆಂಡಿಗೂ ಅಂಟಾರ್ಕ್ಟಿಕಾಕ್ಕೂ ನಡುವಿನ ಕಡಲಿನಲ್ಲಿ ಆಗ ಒಂದರ ಹಿಂದೆ ಒಂದು ಬಿರುಗಾಳಿ. ತಡೆಯಲು ಅಲ್ಲಿ ನೆಲವೇ ಇಲ್ಲ. ಸಾವಿರಾರು ಕಿಲೋಮೀಟರ್ ಉದ್ದಕ್ಕೆ, ದಿನಗಟ್ಟಲೆ, ಒಂದೇ ದಿಕ್ಕಿಗೆ ಬೀಸುವ ಗಾಳಿ ನೀರಿಗೆ ಶಕ್ತಿ ತುಂಬುತ್ತದೆ. ಅಲ್ಲಿ ಕಡಲು ಗೊಂದಲದ ಗೂಡು. ಸಣ್ಣ ಅಲೆ, ದೊಡ್ಡ ಅಲೆ, ಅಡ್ಡ ಅಲೆ ಎಲ್ಲ ಒಂದರ ಮೇಲೊಂದು. ಆ ಗೊಂದಲ ಏಳೆಂಟು ಸಾವಿರ ಕಿಲೋಮೀಟರ್ ದಾಟಿ ವೈಕೀಕಿಗೆ ಬರುವಾಗ ಸಾಲು ಸಾಲಾಗಿ, ಶಿಸ್ತಾಗಿ ಬರುತ್ತದೆ. ಯಾರು ವಿಂಗಡಿಸಿದರು?

ದೂರವೇ ವಿಂಗಡಿಸುತ್ತದೆ. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಸ್ವಲ್ಪ ತಾಳ್ಮೆ ಇರಲಿ.

ಆಳವಾದ ನೀರಿನಲ್ಲಿ ಎಲ್ಲ ಅಲೆಗಳ ವೇಗ ಒಂದೇ ಅಲ್ಲ. ಒಂದು ಅಲೆ ಹಾದುಹೋಗಿ ಮುಂದಿನದು ಬರುವವರೆಗಿನ ಸಮಯವನ್ನು ಅಲೆಯ ಅವಧಿ ಅನ್ನೋಣ. ಅವಧಿ ಹೆಚ್ಚಿದಷ್ಟೂ ಅಲೆ ಉದ್ದ, ವೇಗವೂ ಜಾಸ್ತಿ. 20 ಸೆಕೆಂಡ್ ಅವಧಿಯ ಅಲೆಯಲ್ಲಿ ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ಸುಮಾರು 620 ಮೀಟರ್. ನೆತ್ತಿ ಓಡುವ ವೇಗ ಗಂಟೆಗೆ 112 ಕಿಲೋಮೀಟರ್. ಆದರೆ ಇಲ್ಲೊಂದು ವಿಚಿತ್ರ. ಅಲೆಗಳ ಗುಂಪು, ಅಂದರೆ ಶಕ್ತಿ, ಸಾಗುವುದು ಅದರ ಅರ್ಧ ವೇಗದಲ್ಲಿ, ಗಂಟೆಗೆ 56 ಕಿಲೋಮೀಟರಿನಂತೆ. ಗುಂಪಿನ ಹಿಂತುದಿಯಲ್ಲಿ ಹೊಸ ನೆತ್ತಿ ಹುಟ್ಟುತ್ತದೆ, ಗುಂಪನ್ನು ಹಾಯ್ದು ಮುಂದೋಡುತ್ತದೆ, ಮುಂತುದಿಗೆ ಬಂದು ಅಳಿಸಿಹೋಗುತ್ತದೆ. ಹಾಗಾಗಿ ವೈಕೀಕಿಯಲ್ಲಿ ಸರ್ಫರ್ ಹತ್ತಿ ನಿಂತ ಅಲೆ ಬಿರುಗಾಳಿಯಲ್ಲಿ ಎದ್ದ ಅಲೆಯೇ ಅಲ್ಲ. ಅದರ ಎಷ್ಟನೆಯ ತಲೆಮಾರೋ! ಬಂದದ್ದು ಶಕ್ತಿ ಮಾತ್ರ.

ಈಗ 15 ಸೆಕೆಂಡ್ ಅವಧಿಯ ಗುಂಪನ್ನು ತೆಗೆದುಕೊಳ್ಳಿ. ಅದರ ವೇಗ ಗಂಟೆಗೆ 42 ಕಿಲೋಮೀಟರ್. ಎರಡೂ ಒಂದೇ ಬಿರುಗಾಳಿಯಿಂದ ಒಂದೇ ಹೊತ್ತಿಗೆ ಹೊರಟರೆ, 8000 ಕಿಲೋಮೀಟರ್ ದೂರಕ್ಕೆ ಮೊದಲನೆಯದಕ್ಕೆ ಆರು ದಿನ ಬೇಕು, ಎರಡನೆಯದಕ್ಕೆ ಎಂಟು ದಿನ. ಮೆಜೆಸ್ಟಿಕ್‌ನಿಂದ ಒಟ್ಟಿಗೆ ಬಿಟ್ಟ ಐರಾವತ ಬಸ್ಸು ಮತ್ತು ಕೆಂಪು ಬಸ್ಸನ್ನು ನೆನೆಸಿಕೊಳ್ಳಿ. ತುಮಕೂರಿನಲ್ಲಿ ಅವುಗಳ ನಡುವೆ ಸ್ವಲ್ಪವೇ ಅಂತರ, ಹುಬ್ಬಳ್ಳಿ ತಲುಪುವಾಗ ಗಂಟೆಗಟ್ಟಲೆ. ಈಗ ಇದನ್ನೇ ತಿರುಗಿಸಿ. ಬಸ್ಸುಗಳು ಎಲ್ಲಿಂದ ಹೊರಟವು ಅಂತ ನಿಮಗೆ ಗೊತ್ತಿಲ್ಲ. ಆದರೆ ಎರಡರ ವೇಗ ಗೊತ್ತು, ಎಷ್ಟು ಅಂತರದಲ್ಲಿ ಬಂದವು ಅಂತಲೂ ನೋಡಿದಿರಿ. ಎಷ್ಟು ದೂರದಿಂದ, ಯಾವಾಗ ಹೊರಟವು ಅಂತ ಕೂತಲ್ಲೇ ಲೆಕ್ಕ ಹಾಕಬಹುದು. ಅಲೆಗೂ ಅದೇ ಲೆಕ್ಕ. 20 ಸೆಕೆಂಡಿನ ಅಲೆ ಬಂದ ಅರ್ಧ ದಿನಕ್ಕೇ 15 ಸೆಕೆಂಡಿನ ಅಲೆ ಬಂದರೆ ಬಿರುಗಾಳಿ ಇದ್ದದ್ದು ಸುಮಾರು 2000 ಕಿಲೋಮೀಟರ್ ದೂರದಲ್ಲಿ. ಎರಡು ದಿನ ಬಿಟ್ಟು ಬಂದರೆ 8000.

ಈ ಲೆಕ್ಕವನ್ನು ಕಡಲಿನ ಮೇಲೆ ಪ್ರಯೋಗಿಸಿ ನೋಡಿದವರಲ್ಲಿ ದೊಡ್ಡ ಹೆಸರು ವಾಲ್ಟರ್ ಮಂಕ್. 1917ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು, 2019ರವರೆಗೂ ಬದುಕಿದ್ದರು. ಎರಡನೇ ಮಹಾಯುದ್ಧದಲ್ಲಿ ತಮ್ಮ ಗುರು ಹರಾಲ್ಡ್ ಸ್ವೆರ್ಡ್ರುಪ್ ಜೊತೆ ಸೇರಿ ಅಲೆಗಳ ಮುನ್ಸೂಚನೆ ಕೊಡುವ ವಿಧಾನ ರೂಪಿಸಿದರು. ಸೈನಿಕರನ್ನು ದೋಣಿಯಿಂದ ದಡಕ್ಕೆ ಇಳಿಸಬೇಕಿತ್ತು, ಅಲೆ ದೊಡ್ಡದಿದ್ದರೆ ದೋಣಿಯೇ ಮಗುಚುತ್ತದೆ. 1944ರ ನಾರ್ಮಂಡಿ ದಾಳಿಗೂ ಆ ವಿಧಾನ ಬಳಕೆಯಾಯಿತು. ಇವತ್ತು ಸರ್ಫರ್‌ಗಳು ಮೊಬೈಲಿನಲ್ಲಿ ನೋಡುವ ಅಲೆ ಮುನ್ಸೂಚನೆಯ ಅಜ್ಜ ಅದು.

1963ರಲ್ಲಿ ಮಂಕ್ ಮತ್ತು ಸಂಗಡಿಗರು ಪೆಸಿಫಿಕ್ ಸಾಗರದ ಉದ್ದಕ್ಕೂ ಅಲೆ ಅಳೆಯುವ ಉಪಕರಣಗಳ ಸಾಲನ್ನೇ ಇಟ್ಟರು. ನ್ಯೂಜಿಲೆಂಡ್, ಸಮೋವಾ, ಪಾಲ್ಮೈರಾ, ಹವಾಯಿ, ಕೊನೆಗೆ ಅಲಾಸ್ಕ. ಹವಾಯಿಗೂ ಅಲಾಸ್ಕಕ್ಕೂ ನಡುವೆ ದ್ವೀಪವಿಲ್ಲ. ಅಲ್ಲಿಗೆ ಫ್ಲಿಪ್ ಎಂಬ ಹಡಗು ಕಳಿಸಿದರು. 108 ಮೀಟರ್ ಉದ್ದದ ಈ ಹಡಗು ಒಂದು ತುದಿಗೆ ನೀರು ತುಂಬಿಕೊಂಡು ಕಡಲಲ್ಲಿ ನೆಟ್ಟಗೆ ಎದ್ದು ನಿಲ್ಲುತ್ತಿತ್ತು! ಅವರಿಗಿದ್ದ ಅನುಮಾನ ಇಷ್ಟು: ಸಮಭಾಜಕದ ಬಳಿ ವರ್ಷದ ಬಹುಪಾಲು ಬೀಸುವ ವಾಣಿಜ್ಯ ಮಾರುತ ಎಬ್ಬಿಸುವ ಅಲೆಗಳ ಗಲಾಟೆಯಲ್ಲಿ ದಕ್ಷಿಣದಿಂದ ಬಂದ ಅಲೆ ಸವೆದುಹೋಗುತ್ತದೆಯೇ? ಬಿರುಗಾಳಿಯ ವಲಯ ದಾಟಿದ ಮೇಲೆ ಉದ್ದ ಅಲೆಗಳು ಹೆಚ್ಚೂಕಡಿಮೆ ಏನೂ ಕಳೆದುಕೊಳ್ಳುವುದಿಲ್ಲ ಅಂತ ಗೊತ್ತಾಯಿತು. ದೂರಕ್ಕೆ ಹರಡಿಕೊಂಡು ತೆಳುವಾಗುತ್ತವೆ, ಅಷ್ಟೇ. ಅದಕ್ಕೂ ಮೊದಲು ಮೆಕ್ಸಿಕೊ ಬಳಿಯ ಗ್ವಾಡಲೂಪೆ ದ್ವೀಪದಲ್ಲಿ ಮಂಕ್ ಅಳೆದ ಕೆಲವು ಅಲೆಗಳ ಊರು ಹುಡುಕಿದರೆ ಅದು ಹಿಂದೂ ಮಹಾಸಾಗರದಲ್ಲಿ ಸಿಕ್ಕಿತ್ತು. ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದೂರ! 1963ರ ತಂಡದಲ್ಲಿದ್ದ ಕ್ಲಾಸ್ ಹಾಸೆಲ್‌ಮನ್‌ಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅದು ಬೇರೆ ಕೆಲಸಕ್ಕೆ, ಹವಾಮಾನ ಬದಲಾವಣೆಯ ಲೆಕ್ಕಕ್ಕೆ.

ಮತ್ತೆ ವೈಕೀಕಿಗೆ. ಅಲ್ಲಿ ಅಲೆಗಳು ಒಂದೇ ಸಮನೆ ಬರುವುದಿಲ್ಲ. ಬೋರ್ಡಿನ ಮೇಲೆ ಕೂತು ಕಾಯಬೇಕು. ಹಲವು ನಿಮಿಷ ಸುಮ್ನೆ ಇರುತ್ತದೆ, ಆಮೇಲೆ ನಾಲ್ಕೈದು ದೊಡ್ಡವು ಬರುತ್ತವೆ. ಸರ್ಫರ್‌ಗಳು ಇದನ್ನು ಸೆಟ್ ಅನ್ನುತ್ತಾರೆ. ಇದಕ್ಕೂ ಕಾರಣ ಸರಳ. 16 ಸೆಕೆಂಡಿನ ಅಲೆ, 17 ಸೆಕೆಂಡಿನ ಅಲೆ ಒಟ್ಟಿಗೆ ಬರುತ್ತಿವೆ ಅನ್ನಿ. ಒಮ್ಮೆ ಎರಡರ ನೆತ್ತಿ ಕೂಡಿ ದೊಡ್ಡದಾಗುತ್ತದೆ. ಕ್ರಮೇಣ ಹೆಜ್ಜೆ ತಪ್ಪಿ ಒಂದರ ನೆತ್ತಿ ಇನ್ನೊಂದರ ತಗ್ಗಿಗೆ ಬಿದ್ದು ನೀರು ಶಾಂತವಾಗುತ್ತದೆ. ಮತ್ತೆ ಕೂಡಲು ಸುಮಾರು ನಾಲ್ಕೂವರೆ ನಿಮಿಷ. ನಿಜವಾದ ಕಡಲಿನಲ್ಲಿ ಇಂಥ ಅವಧಿಗಳು ಹತ್ತಾರು ಬೆರೆತಿರುವುದರಿಂದ ಲೆಕ್ಕ ಇಷ್ಟು ನೀಟಾಗಿ ಕೂರುವುದಿಲ್ಲ. ಏಳನೆಯ ಅಲೆಯೇ ದೊಡ್ಡದು ಅನ್ನುವ ನಂಬಿಕೆ ಹಲವು ದೇಶಗಳಲ್ಲಿದೆ. ಏಳಕ್ಕೆ ವಿಶೇಷ ಏನೂ ಇಲ್ಲ.

ಹಳೆಯ ಹವಾಯಿಯಲ್ಲಿ ಅಲೆ ಕರೆಯುವ ಪದ್ಧತಿಯೊಂದಿತ್ತು. ಪೊಹುಎಹುಎ ಬಳ್ಳಿಯನ್ನು ಕಿತ್ತು, ಮಂತ್ರ ಹೇಳುತ್ತಾ ನೀರಿಗೆ ಬಡಿಯುತ್ತಿದ್ದರು. ಮೇಕೆ ಗೊರಸಿನಂಥ ಎಲೆ, ನೇರಳೆ ಹೂವಿನ ಈ ಬಳ್ಳಿ ನಮ್ಮ ಕರಾವಳಿಯ ಮರಳಿನಲ್ಲೂ ಹಬ್ಬಿರುತ್ತದೆ. ಬಡಿದು ಸ್ವಲ್ಪ ಹೊತ್ತು ಕಾದರೆ ಅಲೆ ಬಂದೇ ಬರುತ್ತದೆ, ಯಾಕೆಂದರೆ ಕಾದರೆ ಸೆಟ್ ಬಂದೇ ಬರುತ್ತದೆ. ಬಡಿಯದಿದ್ದರೂ ಬರುತ್ತಿತ್ತು ಅಂತ ಪರೀಕ್ಷಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಮೂಢನಂಬಿಕೆ ಗಟ್ಟಿಯಾಗುವುದೇ ಹೀಗೆ. ಹಾಗಂತ ಆ ಜನರಿಗೆ ಕಡಲು ಗೊತ್ತಿರಲಿಲ್ಲ ಅನ್ನಲಾಗದು. ಉಪಕರಣವಿಲ್ಲದೆ, ದೂರದ ಅಲೆಯ ದಿಕ್ಕು ಹಿಡಿದು ಪೆಸಿಫಿಕ್ ದಾಟಿದವರ ಮಕ್ಕಳು ಅವರು.

ಇನ್ನು ಜ್ವಾಲಾಮುಖಿಯ ಪಾಲು. ಅದು ಅಲೆ ಎಬ್ಬಿಸುವುದಿಲ್ಲ, ಆದರೆ ಬಂದ ಅಲೆಯನ್ನು ಕೆಡಿಸದೆ ಒಳಗೆ ಬಿಡುತ್ತದೆ. ಅಲೆಗೆ ತಳ ತಾಗುವುದು ನೀರಿನ ಆಳ ಅಲೆಯ ಉದ್ದದ ಅರ್ಧಕ್ಕಿಂತ ಕಡಿಮೆಯಾದಾಗ. 620 ಮೀಟರಿನ ಅಲೆಗೆ 310 ಮೀಟರ್ ಆಳದಲ್ಲೇ ನೆಲ ಸಿಗುತ್ತದೆ. ಖಂಡಗಳ ಅಂಚಿನಲ್ಲಿ ಹತ್ತಾರು ಕಿಲೋಮೀಟರ್ ಅಗಲದ ಆಳವಿಲ್ಲದ ಜಗಲಿ ಇರುತ್ತದೆ. ಅಲೆ ಅದರ ಮೇಲೆ ಉಜ್ಜಿಕೊಂಡು ಬರುವಷ್ಟರಲ್ಲಿ ಸೊರಗುತ್ತದೆ. ಒವಾಹು ಅಂಥದ್ದಲ್ಲ. ಕಿಲೋಮೀಟರುಗಟ್ಟಲೆ ಆಳದ ತಳದಿಂದ ನೇರ ಎದ್ದ ಬೆಟ್ಟದ ತುದಿ ಅದು. ಅಲೆಗೆ ನೆಲ ಗೊತ್ತಾಗುವುದೇ ಕೊನೆ ಗಳಿಗೆಯಲ್ಲಿ.

ಆ ಕೊನೆ ಗಳಿಗೆಯಲ್ಲಿ ಸಿಗುವುದು ಹವಳ ಕಟ್ಟಿದ ಸುಣ್ಣಕಲ್ಲಿನ ಅಗಲವಾದ ದಿಬ್ಬ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ತಳ ಥಟ್ಟನೆ ಏರಿದರೆ ಅಲೆ ಸುರುಳಿಯಾಗಿ ಬೀಳುತ್ತದೆ. ದ್ವೀಪದ ಉತ್ತರ ತೀರದಲ್ಲಿ ಪೈಪ್‌ಲೈನ್ ಅನ್ನುವ ಜಾಗ ಹಾಗೆ, ಅಲ್ಲಿ ಜೀವ ಹೋಗುವುದೂ ಉಂಟು. ವೈಕೀಕಿಯಲ್ಲಿ ತಳ ನಿಧಾನವಾಗಿ ಏರುವುದರಿಂದ ಅಲೆಯ ನೆತ್ತಿ ಮಾತ್ರ ನೊರೆಯಾಗಿ ಜಾರುತ್ತದೆ. ಬೋರ್ಡಿನ ಮೇಲೆ ಮೊದಲ ಸಲ ನಿಲ್ಲುವವರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ.

ದಿಬ್ಬದ ನಡುವೆ ಅಲ್ಲಲ್ಲಿ ಆಳವಾದ ಕಾಲುವೆಗಳೂ ಇವೆ. ಮಾನೋವಾ, ಪಾಲೋಲೋ ಕಣಿವೆಗಳಿಂದ ಇಳಿಯುತ್ತಿದ್ದ ತೊರೆಗಳು ಇಲ್ಲಿ ಕಡಲು ಸೇರುತ್ತಿದ್ದವು. ಸಿಹಿನೀರು ಬೀಳುವ ಕಡೆ ಹವಳ ಬೆಳೆಯುವುದಿಲ್ಲ. ಹಿಮಯುಗದಲ್ಲಿ ಕಡಲಮಟ್ಟ ಇಳಿದಿದ್ದಾಗ ತೊರೆಗಳು ಕಲ್ಲನ್ನೇ ಕೊರೆದವು. ಕಾಲುವೆಯಲ್ಲಿ ಅಲೆ ಒಡೆಯುವುದಿಲ್ಲ, ಪಕ್ಕದ ದಿಬ್ಬದ ಮೇಲೆ ಒಡೆಯುತ್ತದೆ. ಸರ್ಫರ್ ಕಾಲುವೆಯಲ್ಲಿ ಕೈಬೀಸಿಕೊಂಡು ಆಚೆ ಹೋಗುತ್ತಾನೆ, ದಿಬ್ಬದ ಮೇಲಿಂದ ಅಲೆ ಹಿಡಿದು ವಾಪಸ್ ಬರುತ್ತಾನೆ. ಕ್ವೀನ್ಸ್, ಕನೂಸ್, ಪಾಪ್ಯುಲರ್ಸ್, ಥ್ರೀಸ್ ಅಂತ ಒಂದೊಂದು ಕಡೆಗೂ ಒಂದೊಂದು ಹೆಸರು.

ಆ ತೊರೆಗಳು ಈಗ ಅಲ್ಲಿಗೆ ಬರುವುದಿಲ್ಲ. ಹೋಟೆಲುಗಳು ನಿಂತಿರುವ ಜಾಗ ನೂರು ವರ್ಷದ ಹಿಂದೆ ಕೆಸರುಗದ್ದೆ. ಕೆಸುವಿನ ಗಡ್ಡೆ, ಭತ್ತ, ಬಾತುಕೋಳಿ ಕೊಳ ಎಲ್ಲ ಇತ್ತು. 1920ರ ದಶಕದಲ್ಲಿ ಅಲಾ ವೈ ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಿದರು. ಮರಳೂ ಅಷ್ಟೇ, ಹೊರಗಿನಿಂದ ತಂದು ಸುರಿದದ್ದು ಸಾಕಷ್ಟಿದೆ. 2012ರಲ್ಲಿ ಕಡಲ ತಳದ ಮರಳನ್ನು ಪಂಪ್ ಮಾಡಿ ದಡಕ್ಕೆ ಹಾಕಿದರು. ಹೀಗೆ ಸುರಿದ ಮರಳು ಜಾರಿ ದಿಬ್ಬದ ತಗ್ಗು ತುಂಬಿದರೆ ಅಲೆಯ ಆಕಾರವೇ ಬದಲಾಗುತ್ತದೆ. 1960ರ ದಶಕದಲ್ಲಿ ಹುಟ್ಟಿದ ಸೇವ್ ಅವರ್ ಸರ್ಫ್ ಸಂಘಟನೆ ತೀರ ಅಗಲಿಸುವ ಯೋಜನೆಗಳ ವಿರುದ್ಧ ಬೀದಿಗಿಳಿದದ್ದು ಸುಮ್ಮನೆ ಅಲ್ಲ.

ಡ್ಯೂಕ್ ಕಹನಮೋಕು ಬಗ್ಗೆ ಹೇಳದೆ ವೈಕೀಕಿ ಮುಗಿಯುವುದಿಲ್ಲ. ಇಲ್ಲೇ ಈಜಿ ಬೆಳೆದ ಹುಡುಗ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದವರು. 1914ರ ಕೊನೆಗೆ ಸಿಡ್ನಿಯಲ್ಲಿ ಸರ್ಫಿಂಗ್ ಮಾಡಿ ತೋರಿಸಿದರು. 1917ರಲ್ಲಿ ವೈಕೀಕಿಯ ಒಂದೇ ಅಲೆಯ ಮೇಲೆ ಒಂದು ಮೈಲಿಗೂ ಹೆಚ್ಚು ಸಾಗಿದ್ದಾಗಿ ಹೇಳಿಕೊಂಡಿದ್ದರು. ಅಷ್ಟು ಉದ್ದಕ್ಕೆ ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ ಅಲೆ ಮುರಿಯದೆ ದಾಟಬೇಕು. ದಕ್ಷಿಣದ ದೊಡ್ಡ, ದೀರ್ಘ ಅವಧಿಯ ಅಲೆ ಬಂದ ದಿನವಷ್ಟೇ ಅದು ಸಾಧ್ಯ. 1990ರಲ್ಲಿ ನಿಲ್ಲಿಸಿದ ಅವರ ಪ್ರತಿಮೆ ಕಡಲಿಗೆ ಬೆನ್ನು ಮಾಡಿ ನಿಂತಿದೆ. ಫೋಟೊಗೆ ಚೆನ್ನಾಗಿರಲಿ ಅಂತಲೋ ಏನೋ. ಕಡಲಿಗೆ ಬೆನ್ನು ಹಾಕಬಾರದು ಅನ್ನುವುದು ಸರ್ಫಿಂಗಿನ ಮೊದಲ ಪಾಠ.

ನಮ್ಮ ಕರಾವಳಿಗೂ ದಕ್ಷಿಣದ ಇಂಥ ಅಲೆಗಳು ಬರುತ್ತವೆ, ಹಿಂದೂ ಮಹಾಸಾಗರದ ತೀರಾ ಕೆಳಗಿನ ಬಿರುಗಾಳಿಗಳಿಂದ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೂ ಇಲ್ಲದೆ ಮಳೆಯೂ ಇಲ್ಲದೆ ಕಡಲು ಉಕ್ಕಿದರೆ ಹೆಚ್ಚಿನ ಸಲ ಕಾರಣ ಅದೇ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೇರಳ, ಕರ್ನಾಟಕದ ಮೀನುಗಾರರಿಗೆ ಮೊದಲೇ ಎಚ್ಚರಿಕೆ ಕೊಡಲು ಸಾಧ್ಯವಾಗುವುದು ಅಲೆಗೆ ಬರಲು ದಿನಗಳು ಬೇಕಾಗುವುದರಿಂದ. ಮೂಲ್ಕಿ ಬಳಿಯ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದೂ ಮೇ ತಿಂಗಳಲ್ಲೇ. ಅಲ್ಲಿಗೆ ಹೋಗುವ ಮುನ್ನ ಮುನ್ಸೂಚನೆ ನೋಡುವವರು ಅಲೆಯ ಎತ್ತರ ಮಾತ್ರ ನೋಡಬೇಡಿ, ಪಕ್ಕದಲ್ಲಿರುವ ಸೆಕೆಂಡನ್ನೂ ನೋಡಿ. 7 ಅಂತಿದ್ದರೆ ಹತ್ತಿರದ ಗಾಳಿಯ ಅಲೆ, 16 ಅಂತಿದ್ದರೆ ದೂರದ್ದು. ಆದರೆ ಸಸಿಹಿತ್ಲುವಿನಲ್ಲಿ ಅಲೆ ಒಡೆಯುವುದು ಕಲ್ಲಿನ ದಿಬ್ಬದ ಮೇಲಲ್ಲ, ಮರಳಿನ ಮೇಲೆ. ಶಾಂಭವಿ, ನಂದಿನಿ ನದಿಗಳ ಬಾಯಿಯಲ್ಲಿರುವ ಆ ಮರಳು ಮಳೆಗಾಲ ಕಳೆದ ಮೇಲೆ ಜಾಗ ಬದಲಿಸಿರುತ್ತದೆ. ಅಲೆ ಯಾವಾಗ ಬರುತ್ತದೆ ಅಂತ ಮೊಬೈಲ್ ಹೇಳುತ್ತದೆ. ಈ ವರ್ಷ ಎಲ್ಲಿ ಒಡೆಯುತ್ತಿದೆ ಅಂತ ಮಾತ್ರ ಅಲ್ಲಿನವರನ್ನೇ ಕೇಳಬೇಕು.