ನಲವತ್ತು ಜನ ನೋಡಿದ ಸಿನಿಮಾಕ್ಕೆ ಎಷ್ಟು ಸ್ಟಾರ್?

ಈಚೆಗೆ ಕೆಲವು ದೊಡ್ಡ ಕನ್ನಡ ಸಿನಿಮಾಗಳ ಟಿಕೆಟ್ ಬುಕ್ ಮಾಡಲು ಹೋದರೆ ರೇಟಿಂಗ್ ಇರಬೇಕಾದ ಜಾಗ ಖಾಲಿ. ಕೋರ್ಟ್ ಆದೇಶ ಇರುವುದರಿಂದ ತೋರಿಸುವಂತಿಲ್ಲ ಅಂತ ಒಂದು ಸಾಲು ಮಾತ್ರ. ನೋಡದೆಯೇ ಒಂದು ಸ್ಟಾರ್ ಒತ್ತಿ ಹೋಗುವವರಿಂದ ನಮಗೆ ನಷ್ಟ ಅನ್ನುವುದು ಸಿನಿಮಾ ಮಾಡಿದವರ ಮಾತು. ದುಡ್ಡು ಕೊಟ್ಟು ನೋಡಿದವನು ಬಾಯಿ ಮುಚ್ಚಿಕೊಂಡು ಇರಬೇಕಾ ಅನ್ನುವುದು ಪ್ರೇಕ್ಷಕರ ಮಾತು. ಈ ಗಲಾಟೆಯಲ್ಲಿ ಹೆಚ್ಚು ಜನ ನೋಡದ ಸಿನಿಮಾಗಳ ಪಾಡು ಯಾರ ಕಣ್ಣಿಗೂ ಬೀಳುವುದಿಲ್ಲ. ಅವುಗಳ ಮಟ್ಟಿಗೆ ಸುಮ್ನೆ ಕೂತು ನೋಡಿದವರ ಅಭಿಪ್ರಾಯವೇ ದೊಡ್ಡ ಆಸ್ತಿ, ದೊಡ್ಡ ಅಪಾಯವೂ ಹೌದು.

ಒಂದು ಕಾಲದಲ್ಲಿ ಆ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977) ಹೀಗೆ ಒಂದೇ ದಶಕದಲ್ಲಿ ದೇಶದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಮೂರು ಸಲ ಕನ್ನಡಕ್ಕೆ ಬಂತು. ಚೆನ್ನಾಗಿದೆ ಅಂತ ಹೇಳುತ್ತಿದ್ದವರು ಪ್ರಶಸ್ತಿ ಸಮಿತಿಯವರು, ಪತ್ರಿಕೆಯ ವಿಮರ್ಶಕರು, ಫಿಲ್ಮ್ ಸೊಸೈಟಿಯವರು. ಉಳಿದವರಿಗೆ ಹೆಸರು ಗೊತ್ತಿತ್ತು, ಅಷ್ಟೇ.

ಇದನ್ನು ಬದಲಾಯಿಸಿದ್ದು ದೂರದರ್ಶನ, ಅದೂ ಬೇಕಂತಲೇ ಅಲ್ಲ. 80ರ ದಶಕದ ಭಾನುವಾರದ ಮಧ್ಯಾಹ್ನ ನೆನಪಿದೆಯಾ? ಕಿವಿ ಕೇಳಿಸದವರಿಗಾಗಿ ಕೈಸನ್ನೆಯ ಸುದ್ದಿ. ಅದಾದ ಮೇಲೆ ಯಾವುದೋ ಭಾಷೆಯ ಪ್ರಶಸ್ತಿ ಬಂದ ಸಿನಿಮಾ. ಒಂದು ವಾರ ಬಂಗಾಳಿ, ಇನ್ನೊಂದು ವಾರ ಮಲಯಾಳಂ ಅಥವಾ ಅಸ್ಸಾಮಿ. ಕನ್ನಡದ ಸರದಿ ಯಾವಾಗಲೋ ಒಮ್ಮೆ. ಇದ್ದದ್ದು ಒಂದೇ ಚಾನೆಲ್, ಬೇಡ ಅಂದರೆ ಟಿವಿ ಆರಿಸಬೇಕು. ಊಟ ಮುಗಿಸಿ ಚಾಪೆ ಹಾಸಿಕೊಂಡವರೆಲ್ಲ ಹೀಗೆ ಕಲಾತ್ಮಕ ಚಿತ್ರಗಳ ಪ್ರೇಕ್ಷಕರಾದರು. ಅರ್ಧ ಜನ ಗೊರಕೆ ಹೊಡೆಯುತ್ತಿದ್ದರು ಅನ್ನಿ. ನಡುವೆ 'ರುಕಾವಟ್ ಕೆ ಲಿಯೇ ಖೇದ್ ಹೈ' (ಅಡಚಣೆಗೆ ವಿಷಾದಿಸುತ್ತೇವೆ) ಅಂತ ಬೋರ್ಡು ಬಂದರೆ ಎದ್ದು ನೀರು ಕುಡಿದು ಬರುತ್ತಿದ್ದೆವು.

ನಮ್ಮ ಬೀದಿಯಲ್ಲೊಬ್ಬರು ಅಜ್ಜಿ ಇದ್ದರು. ಬಂಗಾಳಿ ಬಾರದು, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಲು ಬಾರದು. ಆದರೂ ಕಾಫಿ ಹೊತ್ತಿಗೆ ಪೂರ್ತಿ ಕತೆ ಹೇಳಿ, ಎಲ್ಲಾ ಆ ಅತ್ತೆಯದ್ದೇ ತಪ್ಪು ಅಂತ ತೀರ್ಪನ್ನೂ ಕೊಡುತ್ತಿದ್ದರು. ಸೋಮವಾರ ಬಸ್ಸಿನಲ್ಲಿ, ಆಫೀಸಿನಲ್ಲಿ ಇಂಥದ್ದೇ ಮಾತು. ತುಂಬಾ ನಿಧಾನ, ಬರೀ ಕತ್ತಲೆ, ಕೊನೆಯಲ್ಲಿ ಏನಾಯ್ತು ಅಂತಲೇ ಗೊತ್ತಾಗಲಿಲ್ಲ. 'ಅವಾರ್ಡ್ ಸಿನಿಮಾ' ಅನ್ನುವುದು ಬೈಗುಳವಾಗಿದ್ದೂ ಹೀಗೆಯೇ. ಆದರೆ ಬೈದವನು ಕಾರಣ ಹೇಳಬೇಕಿತ್ತು. ಎದುರಿಗೆ ಕೂತವನು ಒಪ್ಪದಿದ್ದರೆ ಇನ್ನೊಂದು ಸ್ಟಾಪ್ ಬರುವವರೆಗೂ ವಾದ ನಡೆಯುತ್ತಿತ್ತು.

1994ರಲ್ಲಿ ಉದಯ ಟಿವಿ ಬಂತು, ಕೈಗೆ ರಿಮೋಟ್ ಬಂತು, ಸುಮ್ನೆ ಕೂತು ನೋಡುವವರು ಕಡಿಮೆಯಾದರು. ಟಿಆರ್‌ಪಿ ಮೀಟರಿಗೆ ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಅನ್ನುವುದಷ್ಟೇ ಗೊತ್ತು. ನೋಡಿದವರು ಕಣ್ಣೀರು ಹಾಕಿದರಾ, ಬೈದುಕೊಂಡರಾ ಅನ್ನುವುದು ಅದಕ್ಕೆ ಬೇಕಿಲ್ಲ.

ಆಮೇಲೆ ಸ್ಟಾರ್‌ಗಳ ಕಾಲ. 1990ರಲ್ಲಿ ಸಿನಿಮಾ ಹುಚ್ಚಿನವರ ಪಟ್ಟಿಯಾಗಿ ಹುಟ್ಟಿದ ಐಎಂಡಿಬಿ ಅನ್ನುವ ವೆಬ್‌ಸೈಟನ್ನು 1998ರಲ್ಲಿ ಅಮೆಜಾನ್ ಕೊಂಡಿತು. ಅಲ್ಲಿ ಪ್ರತಿ ಸಿನಿಮಾಕ್ಕೂ, ಸೀರಿಯಲ್ಲಿನ ಒಂದೊಂದು ಕಂತಿಗೂ ಹತ್ತಕ್ಕೆ ಎಷ್ಟು ಅಂತ ಅಂಕ. ಜೊತೆಗೆ ಒಂದು ಹರಟೆಕಟ್ಟೆಯೂ ಇತ್ತು. 2017ರ ಫೆಬ್ರವರಿಯಲ್ಲಿ ಅದನ್ನು ಮುಚ್ಚಿದರು. ವಿಮರ್ಶೆ ಬರೆಯಲು ಈಗಲೂ ಜಾಗ ಇದೆ, ಆದರೆ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಅಲ್ಲೇ ಉತ್ತರ ಕೊಡುವ ಹಾಗಿಲ್ಲ. ಬಸ್ಸಿನ ವಾದ ಹೋಗಿ ಅಂಕ ಮಾತ್ರ ಉಳಿದಂತಾಯಿತು, ಅಲ್ವಾ?

ಕಡಿಮೆ ಜನ ನೋಡಿದ ಸಿನಿಮಾಕ್ಕೆ ಈ ಅಂಕ ಎಷ್ಟು ನಾಜೂಕು ಅನ್ನಲು ಒಂದು ಲೆಕ್ಕ ಸಾಕು. ನಲವತ್ತು ಜನ ತಲಾ 7 ಕೊಟ್ಟಿದ್ದಾರೆ ಅಂದುಕೊಳ್ಳಿ. ಹತ್ತು ಜನ ಬಂದು ತಲಾ 1 ಒತ್ತಿದರೆ ಸರಾಸರಿ 5.8ಕ್ಕೆ ಇಳಿಯುತ್ತದೆ. ಅದೇ ನಲವತ್ತು ಸಾವಿರ ವೋಟು ಇದ್ದರೆ ಈ ಹತ್ತು ಲೆಕ್ಕಕ್ಕೇ ಇಲ್ಲ. ಐಎಂಡಿಬಿ ನೇರ ಸರಾಸರಿ ತೆಗೆಯುವುದಿಲ್ಲ, ಕೆಲವು ವೋಟಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ತೂಕ ಹಾಕುತ್ತದೆ. ಹೇಗೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಮೋಸ ತಡೆಯಲು ಅದು ಬೇಕು ಅನ್ನುತ್ತಾರೆ, ಇರಬಹುದು.

ದೊಡ್ಡವರಿಗಾದರೆ ಕೋರ್ಟ್ ಇದೆ. ಸಣ್ಣ ಸಿನಿಮಾ ಮಾಡಿದವರು ರೇಟಿಂಗ್ ನಿಲ್ಲಿಸಿ ಅನ್ನುವುದಿಲ್ಲ. ಶೋ ಬಿಟ್ಟ ಮೇಲೆ ಥಿಯೇಟರ್ ಬಾಗಿಲಲ್ಲಿ ನಿಂತು, ಇಷ್ಟ ಆಗಿದ್ದರೆ ನಾಲ್ಕು ಜನಕ್ಕೆ ಹೇಳಿ, ಒಂದು ರೇಟಿಂಗ್ ಹಾಕಿ ಅಂತ ಕೈ ಮುಗಿಯುತ್ತಾರೆ.

ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ದ ಹಳೆಯ ರೀಲನ್ನು ಸರಿಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಲೆಟರ್‌ಬಾಕ್ಸ್‌ಡ್‌ನಂಥ ಸಿನಿಮಾ ರೇಟಿಂಗ್ ವೆಬ್‌ಸೈಟಿನಲ್ಲಿ ಈಗ ಅದಕ್ಕೂ ಸ್ಟಾರ್ ಇದೆ. ಆದರೆ ಹಿಂದೆ ಟಾಕೀಸಿನಲ್ಲೋ ಸೊಸೈಟಿಯ ಬಾಡಿಗೆ ಹಾಲಿನಲ್ಲೋ ಅದನ್ನು ನೋಡಿ, ದಾರಿಯುದ್ದಕ್ಕೂ ಜಗಳ ಆಡಿಕೊಂಡು ಮನೆಗೆ ಹೋದ ಎಷ್ಟೋ ಜನ ಆ ಲೆಕ್ಕದಲ್ಲಿಲ್ಲ.