ತಿಳಿನೀರಿಗೆ ಇಳಿಯುವ ಬಿಸಿಲು

ಕೆನಡಾದ ಸೌತ್ ಥಾಂಪ್ಸನ್ ನದಿಯ ದಡದಲ್ಲಿ ವಿಜ್ಞಾನಿ ಮ್ಯಾಕ್ಸ್ ಬಾತ್‌ವೆಲ್ ಮತ್ತು ಸಂಗಡಿಗರು ನದಿಯ ನೀರನ್ನೇ ಕೃತಕ ಕಾಲುವೆಗಳಿಗೆ ಹರಿಸಿ, ಕೆಲವಕ್ಕೆ ಪೂರ್ತಿ ಬಿಸಿಲು ಬೀಳಲು ಬಿಟ್ಟು, ಉಳಿದವಕ್ಕೆ ನೇರಳಾತೀತ ಕಿರಣಗಳು ತಾಕದಂತೆ ಮರೆ ಕಟ್ಟಿದರು. ಆರಂಭದ ವಾರಗಳಲ್ಲಿ, ಯಾರಾದರೂ ಊಹಿಸಬಹುದಾದಂತೆ, ಕಿರಣಕ್ಕೆ ಮೈಯೊಡ್ಡಿದ ಪಾಚಿ ಸೊರಗಿತು. ಆಮೇಲೆ ಲೆಕ್ಕ ತಲೆಕೆಳಗಾಗಿ, ಅದೇ ಕಾಲುವೆಗಳಲ್ಲಿ ಪಾಚಿ ಮರೆಯಲ್ಲಿದ್ದುದಕ್ಕಿಂತ ದಟ್ಟವಾಗಿ ಬೆಳೆಯಿತು. ಪಾಚಿಯನ್ನು ಮೇಯುವ ಕೈರೊನೊಮಿಡ್ ನೊಣಗಳ ಮರಿಹುಳುಗಳು ಪಾಚಿಗಿಂತಲೂ ಕಿರಣಕ್ಕೆ ಹೆಚ್ಚು ನಲುಗಿದ್ದವು. ಮೇಯುವವರಿಲ್ಲದ ಹೊಲ ಹುಲುಸಾಯಿತು. 1994ರಲ್ಲಿ ಪ್ರಕಟವಾದ ಈ ಪ್ರಯೋಗದ ಬಳಿಕ, ಒಂದೊಂದೇ ಜೀವಿಯನ್ನು ಗಾಜಿನ ತಟ್ಟೆಯಲ್ಲಿಟ್ಟು ಕಿರಣದ ಹಾನಿಯನ್ನು ಅಳೆದರೆ ಸಾಕೆನ್ನುವುದು ಕಷ್ಟ.

ಹಾನಿಯಂತೂ ನಿಜ. 280ರಿಂದ 315 ನ್ಯಾನೋಮೀಟರ್ ತರಂಗಾಂತರದ, ಯುವಿ-ಬಿ ಎಂಬ ನೇರಳಾತೀತ ಕಿರಣವು ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಎಂಬ ಘಟಕಗಳನ್ನು ಬೆಸೆದುಬಿಡುತ್ತದೆ. ಅನೇಕ ಸೂಕ್ಷ್ಮಜೀವಿಗಳಲ್ಲಿರುವ ಫೋಟೊಲಯೇಸ್ ಎಂಬ ಕಿಣ್ವ ಆ ಬೆಸುಗೆಯನ್ನು ಬಿಡಿಸುತ್ತದೆ. ಅದಕ್ಕೆ ಬೇಕಾದ ಶಕ್ತಿ ನೀಲಿ ಬೆಳಕಿನದು, ಎಂದರೆ ಗಾಯ ಮಾಡಿದ ಸೂರ್ಯನದೇ.

ಕಿರಣ ಎಷ್ಟು ಆಳಕ್ಕಿಳಿಯುತ್ತದೆಂಬುದನ್ನು ಬಹುಮಟ್ಟಿಗೆ ನೀರಿನ ಬಣ್ಣ ನಿರ್ಧರಿಸುತ್ತದೆ. ತರಗೆಲೆ ಕೊಳೆತು ಚಹಾದ ಡಿಕಾಕ್ಷನ್ನಿನಂತಾದ ಕೆರೆಯಲ್ಲಿ ಕರಗಿದ ಸಾವಯವ ಇಂಗಾಲವು ಯುವಿ-ಬಿಯನ್ನು ಮೇಲ್ಪದರದಲ್ಲಿಯೇ ಹೀರಿಕೊಂಡರೆ, ಎತ್ತರದ ಪರ್ವತಗಳ ತಿಳಿಗೊಳಗಳಲ್ಲಿ ಅದು ಹಲವು ಮೀಟರ್ ಕೆಳಗೂ ಹೋಗುತ್ತದೆ. ಅಂಥ ಕೊಳದಿಂದ ಬಲೆ ಎಳೆದರೆ ಬರುವ ಕೋಪೆಪಾಡ್ ಎಂಬ ಪುಟ್ಟ ಜಲಜೀವಿಗಳು ಕುಂಕುಮ ಕಲಸಿದಂತೆ ಕೆಂಪಗಿರಬಹುದು. ತಿಂದ ಪಾಚಿಯಿಂದ ಪಡೆದ ಕೆರೊಟಿನಾಯ್ಡ್ ಎಂಬ ಬಣ್ಣದ ವಸ್ತುಗಳ ರಕ್ಷಾಕವಚ ಅದು. ಮೀನಿರುವ ಕೊಳದಲ್ಲಿ ಮಾತ್ರ ಕಣ್ಣಿಗೆ ಬೀಳುವ ಈ ಕೆಂಪು ಪ್ರಾಣಕ್ಕೇ ಕುತ್ತು. ಅಲ್ಲಿ ಅವು ಬಣ್ಣ ಕಡಿಮೆ ಮಾಡಿಕೊಳ್ಳುತ್ತವೆ.

ಯುವಿ-ಬಿಯನ್ನು ತಡೆಯುವ ಓಜೋನ್ ಪದರದ ಸವಕಳಿಯನ್ನು ತಡೆಯಲು 1987ರ ಮಾಂಟ್ರಿಯಲ್ ಒಪ್ಪಂದ ಬಂತು. ಆದರೆ ಸರೋವರದ ಮಟ್ಟಿಗೆ ನೀರಿನ ಬಣ್ಣವೇ ಹೆಚ್ಚು ಲೆಕ್ಕಕ್ಕೆ ಬರುವ ಸಂದರ್ಭಗಳಿವೆ. ಸರೋವರ ವಿಜ್ಞಾನಿ ಡೇವಿಡ್ ಶಿಂಡ್ಲರ್ ಅವರ ತಂಡ 1996ರಲ್ಲಿ ತೋರಿಸಿದಂತೆ, ಬರ ಮತ್ತು ಆಮ್ಲೀಕರಣದಿಂದ ಸಾವಯವ ಇಂಗಾಲ ಇಳಿದ ಕೆನಡಾದ ಸರೋವರಗಳಲ್ಲಿ ಯುವಿ-ಬಿ ಮೊದಲಿಗಿಂತ ಆಳಕ್ಕೆ ಹೊಕ್ಕಿತ್ತು. ಈಗ ಉತ್ತರದ ಹಲವು ಸರೋವರಗಳು ಅದಕ್ಕೆ ವಿರುದ್ಧವಾಗಿ ಕಂದು ಬಣ್ಣಕ್ಕೆ ತಿರುಗುತ್ತಿವೆ. ಅದನ್ನು ವರವೆನ್ನಲು ನನಗೆ ಮನಸ್ಸಾಗದು: ಡಾಫ್ನಿಯಾ ಎಂಬ ನೀರ್ಚಿಗಟವನ್ನು ಕೊಲ್ಲುವ ಮೆಟ್ಶ್ನಿಕೋವಿಯಾ ಶಿಲೀಂಧ್ರದ ಬೀಜಕಗಳನ್ನು ಬಿಸಿಲು ನಾಶಮಾಡುತ್ತದೆ, ಕಂದು ನೀರಿನಡಿಯಲ್ಲಿ ಅವು ಸುರಕ್ಷಿತ.